‘ಅರ್ಧಾ ರೊಕ್ಕ’ದ ಜೋಕು: ಹುಬ್ಬಳ್ಳಿಯ ಒಂದು ಸ್ಟ್ಯಾಂಡಪ್ ಪ್ರಕರಣ

ಒಂದು ಜೋಕು ಹೇಗೆ ಹುಟ್ಟಿತು, ಎಲ್ಲಿ ಕೆಟ್ಟಿತು, ಕೆಟ್ಟ ಮೇಲೆ ಅದನ್ನು ಹೇಗೆ ರಿಪೇರಿ ಮಾಡಿದೆವು, ಇಷ್ಟೇ ಈ ಬರಹದ ವಿಷಯ. ಜೋಕು ಇಪ್ಪತ್ತಾರು ವರ್ಷದ ಒಬ್ಬ ಹುಡುಗನದು. ಅದು ಮೊದಲು ಮೈಕಿನ ಮುಂದೆ ಬಂದದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಒಂದು ಚಹಾದಂಗಡಿಯ ಮಾಳಿಗೆ ಮೇಲೆ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಪೀಕರ್, ಕೆಳಗಿನಿಂದ ಮಿರ್ಚಿ ಕರಿಯುವ ವಾಸನೆ. ಹದಿನೈದು ದಿನಕ್ಕೊಮ್ಮೆ ಅಲ್ಲಿ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಮೈಕ್ ಹಿಡಿದು ನಗಿಸಲು ನೋಡುವ ಸಂಜೆ, ನಡೆಸುವವನು ನಾನು. ಹಗಲು ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರ್ ಎರಡೂ ಒಂದೇ ಕಂಪ್ಯೂಟರಿನಿಂದ ಬರುತ್ತವೆ, ಹಾಗಾಗಿ ಅಳುವುದು ನಗುವುದು ಎರಡಕ್ಕೂ ಫಾಂಟ್ ಆರಿಸಿ ನನಗೆ ರೂಢಿಯಿದೆ.

ಹುಡುಗನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ‘ಯಾರ ಮಗಾ?’, ಅದರ ಮುಂದಿನದು ‘ಯಾರ ಪೈಕಿ?’. ಈ ಪ್ರಕರಣದ ತೊಂದರೆ ಸುರುವಾದದ್ದೇ ಆ ಪ್ರಶ್ನೆಯಿಂದ.

ಐದು ನಿಮಿಷದ ಸೆಟ್ಟು

ಅವನ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಮೂವತ್ತೊಂದು ವರ್ಷ ನೌಕರಿ ಮಾಡಿ, ಅದರಲ್ಲಿ ಹೆಚ್ಚಿನ ಕಾಲ ಹುಬ್ಬಳ್ಳಿ–ಲಕ್ಷ್ಮೇಶ್ವರ ರೂಟಿನಲ್ಲೇ ನಿಂತು, ನಿವೃತ್ತರಾದವರು. ಸೆಟ್ಟು, ಅಂದರೆ ಮೈಕಿನ ಮುಂದೆ ಒಂದರ ಹಿಂದೊಂದು ಹೇಳುವ ಜೋಕುಗಳ ಸರಣಿ, ಸುರುವಾಗುವುದು ಹೀಗೆ:

“ನಮ್ಮಪ್ಪ ಕಂಡಕ್ಟರ್. ರಿಟೈರ್ ಆಗಿ ಎರಡ ವರ್ಷ ಆತು. ಅದು ಬಸ್ಸಿಗೆ ಗೊತ್ತಾಗೇತಿ, ಅಪ್ಪಗ ಇನ್ನೂ ಗೊತ್ತಾಗಿಲ್ಲ. ಮನ್ಯಾಗ ಊಟಕ್ಕ ಕುಂತ್ರ ತಲಿ ಎಣಸ್ತಾನ. ಇರಾವ್ರ ನಾಕ ಮಂದಿ. ದಿನಾ ಎಣಸ್ತಾನ.”

ಇದಕ್ಕೆ ನಗು ಸಣ್ಣದು. ಮಂದಿ ಇನ್ನೂ ಕುರ್ಚಿ ಸರಿ ಮಾಡಿಕೊಳ್ಳುತ್ತಿರುತ್ತಾರೆ. ಮುಂದಿನದು ಅಜ್ಜಿಯ ಸಾವು. ಅಜ್ಜಿ ತೀರಿದ್ದು 2023ರ ಆಗಸ್ಟಿನಲ್ಲಿ, ಶಿಗ್ಗಾಂವಿ ತಾಲೂಕಿನ ಹಳ್ಳಿಯಲ್ಲಿ.

“ಮಣ್ಣಿಗೆ ಭಾಳ ಮಂದಿ ಕೂಡಿತ್ತು. ಕುಣಿ ಸುತ್ತ ಗದ್ದಲಾ. ಹಿಂದಿನಾವ್ರಿಗೆ ಏನೂ ಕಾಣವಲ್ದು. ಅಪ್ಪ ಅಳಕೋತ ನಿಂತಾಂವ ಒಮ್ಮೆಲೆ ಕೈ ಎತ್ತಿದ. ‘ಮುಂದ ಸರೀರಿ... ಮುಂದ ಸರೀರಿ...’”

ಇಲ್ಲಿ ಹುಡುಗ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗುತ್ತಾನೆ.

“‘ಒಳಗ ಜಗಾ ಐತಿ.’”

ನಾನು ಆ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಗಡಿಯಾರ ಹಿಡಿದು ಕೇಳಿದ್ದೇನೆ. ಆರು ಸೆಕೆಂಡು ನಗು. ಓಪನ್ ಮೈಕಿನಲ್ಲಿ ಆರು ಸೆಕೆಂಡು ಅಂದರೆ ಹುಡುಗನಿಗೆ ನೀರು ಕುಡಿದು ಮುಂದಿನ ಸಾಲು ನೆನಪಿಸಿಕೊಳ್ಳಲು ಬೇಕಾದಷ್ಟು ಸಮಯ. ಮೊದಲ ಎರಡು ಸಲ ಇದೇ ಮಾತು ಇಷ್ಟು ನಗಿಸಿರಲಿಲ್ಲ. ಆಗ ಅವನು ‘ಒಳಗ ಜಗಾ ಐತಿ, ಮುಂದ ಸರೀರಿ’ ಅನ್ನುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಅನ್ನುವುದೂ ಹೆಚ್ಚಾಗಿ ಹಾಗೆಯೇ. ಆದರೆ ಹಾಗಂದರೆ ನಗು ನಡುವೆಯೇ ಎದ್ದು, ಉಳಿದ ಎರಡು ಪದ ಅದರ ಕೆಳಗೆ ಹೂತುಹೋಗುತ್ತಿದ್ದವು. ಮಾತು ತಿರುಗಿಸಿದ ಮೇಲೆ ‘ಮುಂದ ಸರೀರಿ’ ಕೇಳಿದಾಗ ಮಂದಿ ಬಸ್ಸಿನೊಳಗೆ ಇರುತ್ತಾರೆ, ‘ಒಳಗ’ ಅಂದಾಗ ಅವರ ಕಣ್ಣು ಕುಣಿಯೊಳಗೆ ಇಳಿಯುತ್ತದೆ. ಜೋಕಿನ ಕೆಲಸವೆಲ್ಲ ಆ ಒಂದು ಪದದ್ದು.

ಅದರ ಬಾಲಕ್ಕೆ ಇನ್ನೆರಡು ಸಾಲು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಸುರುವಾಗಿ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಿದ್ದ ಹೊಸತು.

“ಕಡೀಕ ಅಪ್ಪ ಅಜ್ಜಿ ಕೈಯಾಗ ಒಂದ ಟಿಕೆಟ್ ಇಟ್ಟ. ನೋಡಿದ್ರ ಸೊನ್ನಿ. ‘ಅಪ್ಪಾ, ಆಧಾರ್ ಕಾರ್ಡ್ ಇಲ್ಲಲ್ಲೋ’ ಅಂದೆ. ‘ಇರ್ಲಿ ಬಿಡು, ಮಾರಿ ಗುರ್ತೈತಿ’ ಅಂದ.”

ಈ ಕೊನೆಯ ಮಾತಿಗೆ ನಗುವ ಸದ್ದು ಬೇರೆ. ಹೆಂಗಸರು ನಗುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಹುಡುಗನ ಕೈಯಲ್ಲಿ ಏನೋ ಇದೆ ಅಂತ ನನಗೆ ಅನಿಸಿದ್ದು ಆಗಲೇ.

ಇದರಲ್ಲಿ ನಿಜ ಎಷ್ಟು? ಮಣ್ಣಿಗೆ ಮಂದಿ ಕೂಡಿದ್ದು ನಿಜ. ಅಪ್ಪ ಕೈ ಎತ್ತಿ ‘ಮುಂದ ಸರೀರಿ’ ಅಂದದ್ದೂ ನಿಜ. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸರಿಗೆ ಒಂದು ಹಿಡಿ ಮಣ್ಣು ಹಾಕಲು ದಾರಿ ಬೇಕಿತ್ತು. ಸೊನ್ನೆ ಟಿಕೆಟ್ ಕಟ್ಟುಕತೆ, ಅದು ಕೇಳುವವರಿಗೂ ಗೊತ್ತು. ‘ಒಳಗ ಜಗಾ ಐತಿ’ ಹುಡುಗ ಸೇರಿಸಿದ್ದು. ಅದು ಅವನಿಗೆ ಹೊಳೆದದ್ದು ಆರು ತಿಂಗಳ ಮೇಲೆ, ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಧಾರವಾಡಕ್ಕೆ ಹೋಗುವಾಗ.

‘ಒಬ್ಬ ಇದ್ದ’ ಮತ್ತು ‘ನಮ್ಮಪ್ಪ’

ಇಲ್ಲಿ ಸ್ವಲ್ಪ ನಿಲ್ಲಬೇಕು. ಉತ್ತರ ಕರ್ನಾಟಕಕ್ಕೆ ನಗಿಸುವವರು ಹೊಸಬರಲ್ಲ. ಗಂಗಾವತಿ ಪ್ರಾಣೇಶರ ಹಾಸ್ಯಸಂಜೆಗೆ ಹಳ್ಳಿಯ ಮಂದಿ ಮಕ್ಕಳನ್ನು ಎತ್ತಿಕೊಂಡು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಮಾಸ್ಟರ್ ಹಿರಣ್ಣಯ್ಯ (1934–2019) ನಾಟಕದ ನಡುವೆ ಆ ವಾರದ ರಾಜಕಾರಣವನ್ನೇ ಎಳೆದು ತಂದು ಕುಳಿತವರನ್ನು ನಗಿಸುತ್ತಿದ್ದರು. ಆದರೆ ಹಾಸ್ಯ ಭಾಷಣದ ಜೋಕು ಹೆಚ್ಚಾಗಿ ‘ಒಬ್ಬ ಗಂಡ ಇದ್ದ, ಅಂವಗ ಒಬ್ಬಾಕಿ ಹೆಂಡತಿ ಇದ್ಲು’ ಅಂತ ಸುರುವಾಗುತ್ತದೆ. ಆ ಗಂಡ ಯಾವ ಊರಿನವನು ಅಂತ ಯಾರೂ ಕೇಳುವುದಿಲ್ಲ. ಬೀಚಿಯವರು (1913–1980) ಇನ್ನೂ ಜಾಣರು. ತಿಮ್ಮ ಅಂತ ಒಬ್ಬನನ್ನು ಹುಟ್ಟಿಸಿ, ಲೋಕದ ಪೆದ್ದುತನ, ಜಾಣತನ ಎಲ್ಲವನ್ನೂ ಅವನ ತಲೆಗೆ ಕಟ್ಟಿದರು. ತಿಮ್ಮನ ಅಪ್ಪ ಬಂದು ಜಗಳ ತೆಗೆಯಲಿಲ್ಲ.

ಸ್ಟ್ಯಾಂಡಪ್ಪಿನಲ್ಲಿ ತಿಮ್ಮನಿಲ್ಲ. ‘ನಾನು, ನಮ್ಮವ್ವ, ನಮ್ಮ ಆಫೀಸು’ ಅಂತಲೇ ಮಾತು. ಬೆಂಗಳೂರಿನಲ್ಲಿ ಲೋಲ್‌ಬಾಗ್‌ನಂಥ ಕನ್ನಡ ತಂಡಗಳು ಹಿಡಿದದ್ದೂ ಇದೇ ದಾರಿಯನ್ನು. ‘ನಾನು’ ಅಂದ ಕೂಡಲೇ ಕೇಳುವವ ಅದನ್ನು ನಿಜವೆಂದೇ ಹಿಡಿಯುತ್ತಾನೆ. ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟಂತೆ. ನಗುವಿನ ಅರ್ಧ ಬಲ ಆ ನಂಬಿಕೆಯಿಂದಲೇ ಬರುತ್ತದೆ, ಮತ್ತು ಹೇಳುವವನು ಆ ನಂಬಿಕೆಯೊಳಗೇ ಕೈಚಳಕ ತೋರಿಸಬೇಕು. ಬೆಂಗಳೂರಿನಲ್ಲಿ ಅದು ಸುಲಭ, ಅಲ್ಲಿ ಕುಳಿತ ಮಂದಿಗೆ ಹೇಳುವವನ ಅಪ್ಪ ಯಾರೆಂದು ಗೊತ್ತಿರುವುದಿಲ್ಲ. ಹುಬ್ಬಳ್ಳಿಯ ನಲವತ್ತು ಕುರ್ಚಿಯಲ್ಲಿ ಮೂರಾದರೂ ಅಪ್ಪನ ಗುರುತಿನವು.

ಗದಗಿನಲ್ಲಿ ಆದದ್ದು

2024ರ ಚಳಿಗಾಲದಲ್ಲಿ ಗದಗಿನ ಒಂದು ಕಾಲೇಜಿನ ಗ್ಯಾದರಿಂಗಿಗೆ ಇವನನ್ನು ಕರೆದರು. ಮುನ್ನೂರು ಹುಡುಗರು. ಓಪನ್ ಮೈಕಿಗೆ ಬರುವವರು ಕೇಳಲು ಬಂದವರು. ಗ್ಯಾದರಿಂಗಿಗೆ ಬಂದವರು ಕೂಗಲು ಬಂದವರು. ಕಂಡಕ್ಟರ್ ಅನ್ನುವ ಪದ ಬಾಯಿಂದ ಬಿದ್ದದ್ದೇ ತಡ, ಹಿಂದಿನಿಂದ ಒಬ್ಬ ಕೂಗಿದ:

“ನಿಮ್ಮಪ್ಪ ಎಷ್ಟ ಹೊಡ್ದಾನ್ಲೇ?”

ಟಿಕೆಟ್ಟಿನ ರೊಕ್ಕ ಎಷ್ಟು ನುಂಗಿದ್ದಾನೆ ಅಂತ. ಇಡೀ ಸಭೆ ನಕ್ಕಿತು. ನೆನಪಿರಲಿ, ಆ ನಗು ಹುಡುಗನದಲ್ಲ, ಕೂಗಿದವನದು. ಮೈಕ್ ಹಿಡಿದವನಿಗೆ ಅದಕ್ಕಿಂತ ದೊಡ್ಡ ಸಂಕಟ ಇಲ್ಲ. ನಗು ತನ್ನ ಕಡೆ ಬರಬೇಕು, ಎರಡು ಸೆಕೆಂಡಿನೊಳಗೆ ಬರಬೇಕು. ಹುಡುಗ ಅಂದ:

“ಏ, ಹಂಗ ಅನಬ್ಯಾಡ. ನಮ್ಮಪ್ಪ ಭಾಳ ಪ್ರಾಮಾಣಿಕ ಮನಷ್ಯಾ.”

ಒಂದು ನಿಲುಗಡೆ.

“ಅರ್ಧಾ ರೊಕ್ಕ ತಪ್ಪದ ಡಿಪೋಕ್ಕ ಕಟ್ತಿದ್ದ.”

ಹನ್ನೊಂದು ಸೆಕೆಂಡು. ಚಪ್ಪಾಳೆ, ಸಿಟಿ, ಬೆಂಚು ಬಡಿಯುವ ಸದ್ದು. ಆ ರೆಕಾರ್ಡಿಂಗ್ ಕೇಳಿ ಮೊದಲು ಹೊಗಳಿದವನೇ ನಾನು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಟ್ಟಡ ಅಷ್ಟು ಚೊಕ್ಕ ಇತ್ತು. ‘ಪ್ರಾಮಾಣಿಕ’ ಅಂತ ಎತ್ತರಕ್ಕೆ ಒಯ್ದು, ‘ಅರ್ಧಾ’ ಅಂತ ಒಂದೇ ಪದಕ್ಕೆ ಕೆಡವಿ, ‘ತಪ್ಪದ’ ಅಂತ ಮತ್ತೆ ನಿಷ್ಠೆಯ ಪಾಲಿಷ್. “ಇದು ಸೆಟ್ಟಿನ ನಡಬರಕ ಬೇಕು” ಅಂತ ನಾನೇ ಹೇಳಿದೆ. ಮುಂದಿನ ನಾಲ್ಕು ಶೋಗಳಲ್ಲಿ ಆ ಸಾಲು ಖಾಯಂ ಆಯಿತು. ಯಾರೋ ಅದರ ರೀಲ್ ಮಾಡಿದರು, ಹುಡುಗನೂ ತನ್ನ ಪುಟದಲ್ಲಿ ಹಾಕಿದ.

ಅಜ್ಜಿಯ ಮಣ್ಣಿನ ಭಾಗ ರೀಲಿನಲ್ಲಿ ಇರಲಿಲ್ಲ. ಅದಕ್ಕೆ ಒಂದೂವರೆ ನಿಮಿಷ ಬೇಕು, ಇದಕ್ಕೆ ಹದಿನೈದು ಸೆಕೆಂಡು ಸಾಕು.

ಚಹಾದಂಗಡಿಯ ಕಟ್ಟೆ

ಕಾಮಿಡಿಯವರ ಜೊತೆ ಸತ್ಯದ ಮಾತು ಬಂದರೆ ಮಂದಿ ಕೋರ್ಟು, ಪೊಲೀಸು ಅಂತ ದೊಡ್ಡ ಪ್ರಕರಣಗಳನ್ನೇ ಎತ್ತುತ್ತಾರೆ. 2021ರ ಜನವರಿ 1ಕ್ಕೆ ಇಂದೋರಿನಲ್ಲಿ ಬಂಧನವಾದ ಕಾಮಿಡಿಯನ್ ಮುನಾವರ್ ಫಾರೂಕಿಗೆ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕಿತು, ಅದೇ ವರ್ಷದ ಕೊನೆಗೆ ಬೆಂಗಳೂರಿನ ಅವನ ಶೋ ನಿಂತುಹೋಯಿತು. ಅದು ಅಧಿಕಾರದ, ಭಯದ ಮಾತು, ಅದರ ತೂಕ ಬೇರೆ. ನಮ್ಮದು ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಚಹಾದಂಗಡಿಯ ಕಟ್ಟೆಯ ಪ್ರಕರಣ.

ಸಂಜೆ ಐದಕ್ಕೆ ಅಲ್ಲಿ ಏಳೆಂಟು ಮಂದಿ ಕೂಡುತ್ತಾರೆ. ನಿವೃತ್ತ ಡ್ರೈವರುಗಳು, ಕಂಡಕ್ಟರುಗಳು, ಒಬ್ಬರು ಡಿಪೋದಲ್ಲಿ ಕ್ಲರ್ಕ್ ಆಗಿದ್ದವರು. ಅವರ ವಾಟ್ಸಾಪ್ ಗುಂಪಿಗೆ ರೀಲ್ ಬಂತು. ಹುಡುಗನ ಮುಖ ಅಪ್ಪನದೇ ಅಚ್ಚು, ‘ಯಾರ ಮಗಾ’ ಅಂತ ಕೇಳುವ ಪ್ರಸಂಗವೇ ಬರಲಿಲ್ಲ.

ಕೇಸು ನಡೆಯಲಿಲ್ಲ, ಬೈಗುಳ ಬರಲಿಲ್ಲ. ಚಹಾದ ಹುಡುಗ ಬಂದಾಗ ಒಬ್ಬರು, ಅದೇ ಕಟ್ಟೆಯ ಮೇಲೆ ಕೂಡುತ್ತಿದ್ದ ನಮ್ಮ ಹುಡುಗನ ಅಪ್ಪನನ್ನು ಕೇಳಿದರಂತೆ, “ನಿನಗ ಪೂರ್ತಿ ಹೇಳ್ಲ್ಯಾ, ಅರ್ಧಾ ಹೇಳ್ಲ್ಯಾ?” ಎಲ್ಲರೂ ನಕ್ಕರು. ಇವರೂ ನಕ್ಕರಂತೆ. ಮರುದಿನದಿಂದ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಒಂಬತ್ತು ದಿನ ‘ಮಣಕಾಲ ಹಿಡದಾವು’ ಅಂತ ಮನೆಯಲ್ಲೇ ಕುಳಿತರು. ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಹೇಳಿದ್ದು ಅವನ ಅವ್ವ, ಅದೂ ರೊಟ್ಟಿ ಬಡಿಯುತ್ತ, ಬೆನ್ನು ತಿರುಗಿಸಿ.

ಇದರ ಏಟು ತಿಳಿಯಲು ಕಂಡಕ್ಟರಿಕೆಯ ಒಂದು ಸಂಗತಿ ಗೊತ್ತಿರಬೇಕು. ಡ್ಯೂಟಿ ಹತ್ತುವ ಮೊದಲು ಕಂಡಕ್ಟರ್ ತನ್ನ ಸ್ವಂತ ಕಿಸೆಯಲ್ಲಿ ಎಷ್ಟು ರೊಕ್ಕ ಇದೆ ಅಂತ ಬರೆದು ತೋರಿಸಬೇಕು. ದಾರಿಯಲ್ಲಿ ಚೆಕಿಂಗಿನವರು ಹತ್ತಿದರೆ ಕೊಟ್ಟ ಟಿಕೆಟ್ಟು, ಬ್ಯಾಗಿನ ರೊಕ್ಕ, ಕಿಸೆಯ ರೊಕ್ಕ ಮೂರನ್ನೂ ತಾಳೆ ನೋಡುತ್ತಾರೆ. ಹತ್ತು ರೂಪಾಯಿ ಹೆಚ್ಚಿದ್ದರೂ ಉತ್ತರ ಕೊಡಬೇಕು. ಈ ಮನುಷ್ಯ ಹೆಂಡತಿ ಗುಳಿಗೆ ತರಲು ಕೊಟ್ಟ ಇಪ್ಪತ್ತು ರೂಪಾಯಿಯನ್ನೂ ಬರೆಸಿ ಹೋಗುತ್ತಿದ್ದವರು. ಮೂವತ್ತೊಂದು ವರ್ಷದಲ್ಲಿ ರೊಕ್ಕದ ಕೇಸು ಒಂದೂ ಇಲ್ಲ. ಕಟ್ಟೆಯ ಮೇಲೆ ಅವರ ಆಸ್ತಿ ಅಂದರೆ ಅಷ್ಟೇ ಇತ್ತು.

ಹುಡುಗ ನನ್ನ ಅಂಗಡಿಗೆ ಬಂದ. “ಕಾಮಿಡಿ ಅಲ್ರೀ ಸರ, ಯಾರ್ ನಂಬ್ತಾರ?” ಅಂದ.

“ನಂಬಿದ್ದಕ್ಕ ನಕ್ಕಾರಪಾ” ಅಂದೆ. ಹೇಳುವಾಗ ಅದು ನನಗೂ ಹೊಸತಾಗಿಯೇ ಕೇಳಿತು. ಅಲ್ಲಿಯವರೆಗೆ ಎರಡೂ ಜೋಕುಗಳನ್ನು ನಾನು ಒಂದೇ ಗಡಿಯಾರದಿಂದ ಅಳೆದಿದ್ದೆ.

ಎರಡು ಸುಳ್ಳು

‘ಒಳಗ ಜಗಾ ಐತಿ’ ಸುಳ್ಳು. ‘ಅರ್ಧಾ ರೊಕ್ಕ’ವೂ ಸುಳ್ಳು. ಎರಡೂ ಅಪ್ಪನ ಹೆಸರಿನ ಮೇಲೆ. ಒಂದು ಯಾರನ್ನೂ ನೋಯಿಸಲಿಲ್ಲ, ಇನ್ನೊಂದು ಒಬ್ಬ ಮನುಷ್ಯನನ್ನು ಮನೆಯಲ್ಲಿ ಕೂರಿಸಿತು. ವ್ಯತ್ಯಾಸ ಎಲ್ಲಿದೆ?

ಓದಿಕೊಂಡವರ ಉತ್ತರಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ 1651ರಲ್ಲೇ ಬರೆದ ಪ್ರಕಾರ, ಇನ್ನೊಬ್ಬರ ಕೊರತೆ ಕಂಡು ನಾವು ಅವರಿಗಿಂತ ಮೇಲು ಅಂತ ಥಟ್ಟನೆ ಅನಿಸಿದಾಗ ನಗು ಬರುತ್ತದೆ. ಗದಗಿನ ನಗುವಿಗೆ ಇದು ಸರಿಹೊಂದುತ್ತದೆ, ಮಣ್ಣಿನ ನಗುವಿಗೆ ಹೊಂದುವುದಿಲ್ಲ. ಅಳುತ್ತ ಕೈ ಎತ್ತಿದ ಮನುಷ್ಯನಿಗಿಂತ ಮೇಲು ಅಂತ ಅಲ್ಲಿ ಯಾರಿಗೂ ಅನಿಸಿರಲಿಕ್ಕಿಲ್ಲ. 2010ರಲ್ಲಿ ಮೆಗ್ರಾ ಮತ್ತು ವಾರನ್ ಅನ್ನುವ ಇಬ್ಬರು ಸಂಶೋಧಕರು ಹೇಳಿದ್ದು, ಏನೋ ಕಟ್ಟು ಮುರಿಯಬೇಕು, ಆದರೆ ಅದರಿಂದ ಅಪಾಯವಿಲ್ಲ ಅಂತಲೂ ಅದೇ ಹೊತ್ತಿಗೆ ಅನಿಸಬೇಕು, ಆಗ ನಗು. ಗದಗಿನ ಮುನ್ನೂರು ಹುಡುಗರಿಗೆ ಅಪಾಯ ಇರಲಿಲ್ಲ. ಕಟ್ಟೆಯ ಮೇಲಿನ ಒಬ್ಬರಿಗೆ ಇತ್ತು, ಅವರು ಸಭೆಯಲ್ಲಿ ಇರಲಿಲ್ಲ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಅಂತ ಎರಡು ಮಾಡುತ್ತದೆ, ತಾನೇ ನಗುವುದು ಒಂದು, ಇನ್ನೊಬ್ಬರನ್ನು ನಗಿಸುವುದು ಒಂದು. ಸ್ಮಿತದಿಂದ ಅತಿಹಸಿತದವರೆಗೆ ನಗುವಿನ ಆರು ಮೆಟ್ಟಿಲುಗಳನ್ನೂ ಎಣಿಸುತ್ತದೆ. ಸದ್ದು ಹೆಚ್ಚಾದಂತೆ ಮೆಟ್ಟಿಲು ಕೆಳಗಿಳಿಯುತ್ತದೆ ಅನ್ನುವುದು ಅದರ ಲೆಕ್ಕ. ಓಪನ್ ಮೈಕ್ ನಡೆಸುವವರ ಲೆಕ್ಕ ತದ್ವಿರುದ್ಧ.

ತೀರ ಹತ್ತಿರದ ಉದಾಹರಣೆ ಅಮೆರಿಕದ್ದು. ಭಾರತೀಯ ಮೂಲದ ಕಾಮಿಡಿಯನ್ ಹಸನ್ ಮಿನ್ಹಾಜ್ ವೇದಿಕೆಯ ಮೇಲೆ ತನ್ನ ಬದುಕಿನದೆಂದು ಹೇಳಿದ ಕೆಲವು ಘಟನೆಗಳು ಹಾಗೆ ನಡೆದೇ ಇರಲಿಲ್ಲ ಅಂತ 2023ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕರ್ ಪತ್ರಿಕೆ ಬರೆಯಿತು. ಅವನ ಸಮರ್ಥನೆ, ಇದು ಭಾವನೆಯ ಸತ್ಯ, ನೂರರಲ್ಲಿ ಎಪ್ಪತ್ತು ಪಾಲು ಅದು, ಮೂವತ್ತು ಪಾಲು ಉತ್ಪ್ರೇಕ್ಷೆ, ಕಲ್ಪನೆ. ನಮ್ಮ ಹುಡುಗ ಈ ಎಪ್ಪತ್ತು–ಮೂವತ್ತನ್ನು ಬಾಯಿಪಾಠ ಮಾಡಿಕೊಂಡಿದ್ದ. “ನಂದೂ ಅಷ್ಟ ಐತ್ರಿ. ಐದ ನಿಮಿಷದಾಗ ಒಂದ ಸಾಲ ಸುಳ್ಳ, ಮೂವತ್ತ ಪರ್ಸೆಂಟೂ ಆಗಂಗಿಲ್ಲ.” ಲೆಕ್ಕ ಸರಿಯೇ ಇತ್ತು. ಆದರೆ ವಿಷದ ಗುಳಿಗೆಯನ್ನು ಯಾರೂ ಪರ್ಸೆಂಟಿನಲ್ಲಿ ತೂಗುವುದಿಲ್ಲವಲ್ಲ.

ಒಂದು ಭಾನುವಾರ ಅವನ ಮನೆಗೆ ಹೋದೆ. ಅಪ್ಪ ಆವರೆಗೆ ರೀಲ್ ಮಾತ್ರ ನೋಡಿದ್ದರು. ಪೂರ್ತಿ ಸೆಟ್ಟನ್ನು ಮೊಬೈಲಿನಲ್ಲಿ ಹಾಕಿ ಕೊಟ್ಟೆವು. ಕನ್ನಡಕ ಹಾಕಿಕೊಂಡು, ಮೊಬೈಲನ್ನು ಟಿಕೆಟ್ ಮಷಿನ್ ಹಿಡಿದಂತೆ ಎಡಗೈಯಲ್ಲಿ ಹಿಡಿದು ನೋಡಿದರು. ‘ಒಳಗ ಜಗಾ ಐತಿ’ ಬಂದಾಗ ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಹೆಗಲು ಕುಣಿಯುತ್ತಿತ್ತು. ತಾಯಿಯ ಮಣ್ಣಿನ ಜೋಕಿಗೆ ನಗಬಾರದು ಅಂತ ತಡೆದುಕೊಂಡರು, ಆಗಲಿಲ್ಲ. ‘ಮಾರಿ ಗುರ್ತೈತಿ’ಗೆ ಕನ್ನಡಕ ತೆಗೆದರು. ‘ಅರ್ಧಾ ರೊಕ್ಕ’ ಬಂದಾಗ ಮೊಬೈಲನ್ನು ಮಂಚದ ಮೇಲೆ ಬೋರಲು ಇಟ್ಟರು.

ಆಮೇಲೆ ಮಗನ ಕಡೆ ನೋಡದೆ, ನನ್ನ ಕಡೆ ತಿರುಗಿ ಅಂದರು:

“ಮಣ್ಣಾಗಿಂದು ನಾ ಅಂದಿಲ್ರೀ. ಆದ್ರ ಅಂತಿದ್ನಿ. ಬಾಯಿತನಕ ಬಂದಿತ್ತು, ನುಂಗಿದ್ನಿ. ಇದು ನಾ ಮಾಡಿಲ್ಲ, ಮಾಡ್ತಿದ್ದೂ ಇಲ್ಲ. ಯಾಂವಂದೋ ತಂದು ನನ್ನ ಕಿಸೇಕ ಹಾಕ್ಯಾನ.”

ಹಾಬ್ಸ್, ಭರತ, ಮಿನ್ಹಾಜ್ ಎಲ್ಲರನ್ನೂ ದಾಟಿ ಈ ಮಾತು ನನಗೆ ಕೆಲಸಕ್ಕೆ ಬಂತು. ‘ಅಂದಿಲ್ಲ, ಆದ್ರ ಅಂತಿದ್ನಿ’ ಅನ್ನುವಂಥ ಸುಳ್ಳನ್ನು ಕಟ್ಟಬೇಕಾದರೆ ಆ ಮನುಷ್ಯನ ನಾಲಗೆ, ನಡೆ, ರೂಢಿ ಎಲ್ಲ ಗೊತ್ತಿರಬೇಕು. ಹುಡುಗ ಇಪ್ಪತ್ತು ವರ್ಷ ಅಪ್ಪನನ್ನು ಕೇಳಿ ಕೇಳಿ ಆ ಮಾತನ್ನು ಸೇರಿಸಿದ್ದ. ‘ಅರ್ಧಾ ರೊಕ್ಕ’ಕ್ಕೆ ಅಪ್ಪನ ಗುರುತು ಬೇಕಿರಲಿಲ್ಲ. ಕಂಡಕ್ಟರ್ ಅಂದರೆ ಹೊಡೆಯುವವನು ಅನ್ನುವ ಗುಮಾನಿ ಸಭೆಯಲ್ಲಿ ಮೊದಲೇ ಇತ್ತು, ಕೂಗಿದವನು ಅದನ್ನು ಎತ್ತಿ ಕೊಟ್ಟ, ಇವನು ಅದಕ್ಕೆ ಅಪ್ಪನ ಹೆಸರು ಬರೆದ. ಹನ್ನೊಂದು ಸೆಕೆಂಡು ನಕ್ಕದ್ದು ತಮ್ಮ ಗುಮಾನಿ ನಿಜವಾಯಿತು ಅನ್ನುವ ಖುಷಿಗೆ. ಕಂಡಕ್ಟರನ ಮಗನೇ ಸಾಕ್ಷಿ ಹೇಳಿದ ಮೇಲೆ ಇನ್ನೇನು.

ನಗು ಒಂದು ಒಳ್ಳೆಯ ಪರೀಕ್ಷೆ ಅಂತ ಕಾಮಿಡಿಯವರೆಲ್ಲ ನಂಬುತ್ತಾರೆ, ನಾನೂ ನಂಬುತ್ತೇನೆ. ಜೋಕು ನಡೆಯಿತೋ ಮಲಗಿತೋ ಅನ್ನುವುದನ್ನು ಅದು ಆ ಕ್ಷಣಕ್ಕೆ ಹೇಳುತ್ತದೆ. ಯಾವ ನಂಬಿಕೆ ನಕ್ಕಿತು ಅನ್ನುವುದು ಗಡಿಯಾರದಲ್ಲಿ ಕಾಣುವುದಿಲ್ಲ.

ರಿಪೇರಿ

ಮೊದಲು ಸಾಲನ್ನು ಕಿತ್ತುಹಾಕಿದೆವು. ಸೆಟ್ಟಿನ ನಡು ಕುಸಿಯಿತು. ತಲೆ ಎಣಿಸುವುದಕ್ಕೂ ಮಣ್ಣಿಗೂ ನಡುವೆ ಒಂದು ದೊಡ್ಡ ನಗು ಇಲ್ಲದೆ ಹೋದರೆ, ಸಾವಿನ ಮಾತು ಬಂದಾಗ ಮಂದಿ ನಗಲು ಹಿಂಜರಿಯುತ್ತಾರೆ. ಆಮೇಲೆ ‘ನಮ್ಮಪ್ಪನ ಜೋಡಿ ಒಬ್ಬ ಕಂಡಕ್ಟರ್ ಇದ್ದ’ ಅಂತ ಬದಲಾಯಿಸಿದ. ಸಪ್ಪೆ. ‘ಒಬ್ಬ ಇದ್ದ’ ಬಂದ ಕೂಡಲೇ ಹಾಸ್ಯ ಭಾಷಣದ ಧಾಟಿ ಬಂತು, ಅದಕ್ಕೆ ಬೇಕಾದ ವಯಸ್ಸು, ಗತ್ತು ಇವನಲ್ಲಿ ಇಲ್ಲ.

ಮೂರನೆಯದಕ್ಕೆ ತನ್ನ ಕಳ್ಳತನ ಹೇಳಿದ. ಏಳನೇ ಇಯತ್ತೆಯಲ್ಲಿ ಅಪ್ಪನ ಕ್ಯಾಶ್ ಬ್ಯಾಗಿನಿಂದ ಐದು ರೂಪಾಯಿ ತೆಗೆದಿದ್ದ, ಅಪ್ಪ ಡಿಪೋದಲ್ಲಿ ಕೈಯಿಂದ ತುಂಬಿದ್ದರು. ಇದು ನೂರಕ್ಕೆ ನೂರು ನಿಜ. ಹೇಳಿದಾಗ ಮುಂದಿನ ಸಾಲಿನ ಒಬ್ಬ ಕಾಕು ‘ಛೇ, ಪಾಪ’ ಅಂದರು. ಅಲ್ಲಿಗೆ ಸೆಟ್ಟು ಮಲಗಿತು. ನಿಜ ಹೇಳಿದರೆ ನಗು ತಾನೇ ಬರುತ್ತದೆ ಅಂತ ವರ್ಕ್‌ಶಾಪುಗಳಲ್ಲಿ ಹೇಳಿಕೊಡುವವರು ಆ ಸಂಜೆ ನಮ್ಮ ಮಾಳಿಗೆ ಮೇಲೆ ಇರಬೇಕಿತ್ತು.

ಕೊನೆಗೆ ಮಾಲು ಸಿಕ್ಕಿದ್ದು ಅವ್ವನಿಂದ. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದು ‘ಇಳಿಯೂಮುಂದ ಇಸ್ಕೋರಿ’ ಅನ್ನುವುದು ಎಲ್ಲರಿಗೂ ಗೊತ್ತು. ಮರೆತು ಇಳಿದವರೇ ಹೆಚ್ಚು. ಇವರು ಮನೆಯಲ್ಲಿ ಸಂತೆಗೆ ರೊಕ್ಕ ಕೊಡುವಾಗಲೂ, ಐನೂರು ಕೇಳಿದರೆ ಮುನ್ನೂರು ಕೊಟ್ಟು, ಚೀಟಿಯ ಹಿಂದೆ ‘200’ ಬರೆದು, ಸುತ್ತ ಒಂದು ಗುಂಡು ಎಳೆದು ಕೊಡುತ್ತಿದ್ದರಂತೆ. ಚೇಷ್ಟೆಗೆ. ಅವ್ವ ದೇವರ ಜಗಲಿಯ ಹಿಂದಿನಿಂದ ಒಂದು ಪೌಡರ್ ಡಬ್ಬಿ ತಂದು ನಮ್ಮ ಮುಂದೆ ಸುರಿದರು. ಹನ್ನೊಂದು ಚೀಟಿ ಇದ್ದವು, ಶಾಯಿ ಹಾರಿ ಅಂಕಿ ಅರ್ಧಂಬರ್ಧ ಕಾಣುತ್ತಿತ್ತು. “ಒಂದೂ ಇಸಗೊಂಡಿಲ್ಲ ನೋಡ್ರಿ” ಅಂದರು, ನಕ್ಕು.

ಹುಡುಗ ಆ ರಾತ್ರಿಯೇ ಬರೆದ. ನನಗೆ ಕಳಿಸಿದ ಮೊದಲ ಕರಡಿನಲ್ಲಿ ಇದು ಎರಡು ನಿಮಿಷ ಇತ್ತು, ವೇದಿಕೆಗೆ ಬರುವ ಹೊತ್ತಿಗೆ ನಲವತ್ತು ಸೆಕೆಂಡು ಉಳಿಯಿತು.

ಸಪ್ತಾಪುರ

ಹೊಸ ಸೆಟ್ಟು ಆಡಿದ್ದು ಧಾರವಾಡದಲ್ಲಿ, ಸಪ್ತಾಪುರದ ಒಂದು ಸಣ್ಣ ಹಾಲಿನಲ್ಲಿ. ಅಲ್ಲಿಯ ಪ್ರೇಕ್ಷಕರೆಂದರೆ ಕೋಚಿಂಗಿಗೆ ಬಂದು ವರ್ಷಗಟ್ಟಲೆ ರೂಮು ಹಿಡಿದವರು. ಪಿಎಸ್ಐ, ಎಫ್‌ಡಿಎ, ಕೆಎಎಸ್. ಕೆಟ್ಟ ಪ್ರೇಕ್ಷಕರಲ್ಲ, ಆದರೆ ನಾಲ್ಕು ಆಯ್ಕೆಗಳಲ್ಲಿ ತಪ್ಪು ಯಾವುದು ಅಂತ ಹುಡುಕಿ ಹುಡುಕಿ ಅದೇ ಚಾಳಿ ಬಿದ್ದಿದೆ. ಪಂಚ್ ಹೇಳಿದ ಮೇಲೆ ಅರೆಗಳಿಗೆ ತೂಗಿ ನೋಡಿ ನಗುತ್ತಾರೆ. ಹುಬ್ಬಳ್ಳಿಯ ಮಂದಿ ನಕ್ಕು ಆಮೇಲೆ ತೂಗುತ್ತಾರೆ. (ಧಾರವಾಡದವರು ಇದನ್ನು ಒಪ್ಪುವುದಿಲ್ಲ, ಒಪ್ಪುವ ಮೊದಲು ಅವರಿಗೆ ತೂಗಬೇಕು.)

ಅಪ್ಪ ಬಂದರು. ನಾವು ಕರೆದಿರಲಿಲ್ಲ. ಚಿಗರಿ ಹಿಡಿದು ಒಬ್ಬರೇ ಬಂದಿದ್ದರು. ಆ ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಟಿಕೆಟ್ಟು ನಿಲ್ದಾಣದಲ್ಲೇ. “ಮಂದಿ ಹತ್ತಿದ್ರು, ಇಳದ್ರು, ಯಾರೂ ಎಣಿಸಲೇ ಇಲ್ಲ” ಅಂತ ಬಾಗಿಲಲ್ಲಿ ನನಗೆ ದೂರು ಹೇಳಿ, ಹಿಂದಿನ ಸಾಲಿನ ಮೂಲೆ ಕುರ್ಚಿ ಹಿಡಿದರು. ಕಂಡಕ್ಟರ್ ಸೀಟಿನ ಜಾಗ.

ಹುಡುಗನಿಗೆ ಗೊತ್ತಾಯಿತು, ಗಂಟಲು ಒಣಗಿತು, ಮೊದಲ ಎರಡು ಸಾಲು ಓಡಿಸಿಬಿಟ್ಟ. ಆಮೇಲೆ ಚೀಟಿಗೆ ಬಂದ:

“ನಮ್ಮಪ್ಪ ಲಗ್ನ ಆದಾಗಿನಿಂದ ಅವ್ವಗ ಪೂರ್ತಿ ರೊಕ್ಕ ಕೊಟ್ಟಿಲ್ಲ. ಐನೂರ ಕೇಳಿದ್ರ ಮುನ್ನೂರ ಕೊಡೂದು, ಚೀಟಿ ಹಿಂದ ಇನ್ನೂರ ಬರಿಯೂದು. ‘ಇಳಿಯೂಮುಂದ ಇಸ್ಕೋ’. ಅವ್ವ ಎಲ್ಲಾ ಚೀಟಿ ಇಟ್ಟಾಳ. ಡಬ್ಬಿಗಟ್ಟಲೆ ಅದಾವು. ಮೂವತ್ತ ವರ್ಷ ಆತು.”

ನಿಂತ.

“ನಮ್ಮವ್ವ ಇನ್ನೂ ಇಳದಿಲ್ಲ.”

ಧಾರವಾಡದ ಆ ತೂಗುವ ಅರೆಗಳಿಗೆ ಬಂತು, ಅದು ಸ್ವಲ್ಪ ಉದ್ದವೇ ಆಯಿತು. ಆಮೇಲೆ ನಗು, ನಾಲ್ಕು ಸೆಕೆಂಡು. ಅದು ಇಳಿಯುವಷ್ಟರಲ್ಲಿ ಎಡಗಡೆಯ ಮೂಲೆಯಿಂದ ಚಪ್ಪಾಳೆ ಸುರುವಾಗಿ ಬಲಕ್ಕೆ ಹರಿಯಿತು. ಗದಗಿನ ಹನ್ನೊಂದರ ಮುಂದೆ ಇದು ಕಡಿಮೆ. ಹುಡುಗನಿಗೆ ಇವತ್ತಿಗೂ ಆ ಏಳು ಸೆಕೆಂಡಿನ ಚಿಂತೆ ಇದೆ, “ಸರ, ಅಷ್ಟ ದೊಡ್ಡ ನಗು ಮತ್ತ ಬರ್ತದಂತೀರೇನು?” ಅಂತ ಕೇಳುತ್ತಾನೆ. ಬರಬಹುದು, ಬರದೆಯೂ ಇರಬಹುದು. ಆದರೆ ಈ ಸಾಲಿನ ಮೇಲೆ ಮಣ್ಣಿನ ಜೋಕು ಮೊದಲಿಗಿಂತ ಚೆನ್ನಾಗಿ ನಿಲ್ಲುತ್ತದೆ. ಇಳಿಯುವ ಮಾತು ಆಗಲೇ ಮಂದಿಯ ಕಿವಿಯಲ್ಲಿ ಇರುತ್ತದೆ, ಅಜ್ಜಿ ಇಳಿದ ಸುದ್ದಿ ಬಂದಾಗ ಅವರು ತಯಾರಿರುತ್ತಾರೆ.

ಹನ್ನೊಂದು ಚೀಟಿ ‘ಡಬ್ಬಿಗಟ್ಟಲೆ’ ಆದದ್ದು ಸುಳ್ಳು. ಶೋ ಮುಗಿದ ಮೇಲೆ ಅಪ್ಪ ಅದನ್ನು ತಿದ್ದಲಿಲ್ಲ. “ಒಟ್ಟ ಎಷ್ಟ ಬಾಕಿ ಅಂತ ಹೇಳಲಿಲ್ಲ, ಪುಣ್ಯಾ” ಅಂದರು.

ರೀಲನ್ನು ಹುಡುಗ ತೆಗೆದುಹಾಕಿದ. ಅಷ್ಟರಲ್ಲಿ ಅದು ಎಷ್ಟು ಮೊಬೈಲಿಗೆ ಇಳಿದಿತ್ತೋ, ಇನ್ನೂ ಆಗಾಗ ಯಾವುದೋ ಗುಂಪಿನಲ್ಲಿ ತೇಲಿ ಬರುತ್ತದೆ. ಕಟ್ಟೆಯ ಮೇಲೆ ‘ಅರ್ಧಾ’ ಹೋಗಿಲ್ಲ. ಅಪ್ಪ ಮತ್ತೆ ಹೋಗುತ್ತಿದ್ದಾರೆ. ಕಳೆದ ವಾರ ನಾನು ಆ ಕಡೆ ಕಾರ್ಡಿನ ಕಟ್ಟು ಕೊಡಲು ಹೋದಾಗ ಚಹಾದ ಹುಡುಗ ಬಂದಿದ್ದ, ಒಬ್ಬರು ರೂಢಿಯಂತೆ ಕೇಳಿದರು, “ಅರ್ಧಾ ಹೇಳ್ಲ್ಯಾ?”

“ಪೂರ್ತಿ ತಾ ಅನ್ನು” ಅಂದರು ಅಪ್ಪ. “ರೊಕ್ಕ ಚೀಟಿ ಹಿಂದ ಬರದ ಕೊಡ್ತೇನಿ.”